ಕೈಪಿಡಿ ಕಾಯುವ ಕೆಲಸ

ಕೈಪಿಡಿಯೊಂದು ಕೈಗೆ ಬಂದರೆ ನಾನು ಹಿಂದಿನಿಂದ ಓದುತ್ತೇನೆ. ಮುನ್ನುಡಿಯನ್ನು ಯಾರಾದರೂ ಒಂದು ಸಂಜೆ ಕೂತು ಚೆಂದ ಬರೆದಾರು. ಪದಸೂಚಿ ಬರೆಯುವವರಿಗೆ ಓದುಗನ ಸಂಕಟ ಗೊತ್ತಿರಬೇಕು. ಅವನು ಯಾವ ಶಬ್ದ ಹುಡುಕುತ್ತ ಬಂದಾನು, ತನ್ನ ತೊಂದರೆಗೆ ಮನಸ್ಸಿನಲ್ಲಿ ಏನು ಹೆಸರಿಟ್ಟುಕೊಂಡಿದ್ದಾನು ಎಂದು ಊಹಿಸದೆ ಒಂದು ಸಾಲನ್ನೂ ಬರೆಯಲಾಗದು. ಗ್ನೂ ಲಿಬ್‌ಟೂಲ್ ಎಂಬ ಸಲಕರಣೆಯ ಕೈಪಿಡಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದರ ಪದಸೂಚಿಯಲ್ಲಿ ‘.ಎಲ್‌ಎ’, ‘.ಎಲ್‌ಒ’ ಕಡತಗಳಿಗೂ ‘.ಲಿಬ್ಸ್’ ಎಂಬ ಅಡಗಿಕೊಂಡ ಫೋಲ್ಡರಿಗೂ ಜಾಗ ಇದೆ. ತಾನು ಮಾಡಿರದ ಕಡತಗಳು ತನ್ನ ಫೋಲ್ಡರಿನಲ್ಲಿ ದಿಢೀರನೆ ಕಂಡು ಗಾಬರಿಯಾದವನು ಮೊದಲು ಹುಡುಕುವುದು ಅವನ್ನೇ.

ಲಿಬ್‌ಟೂಲನ್ನು ಬಳಸುವವರು ಬೈದುಕೊಳ್ಳುತ್ತಲೇ ಬಳಸುತ್ತಾರೆ. ಆ ಬೈಗುಳದಲ್ಲಿ ಅರ್ಧವಾದರೂ ಅದಕ್ಕೆ ಸಲ್ಲಬೇಕಾದದ್ದಲ್ಲ. 1990ರ ದಶಕದ ಯುನಿಕ್ಸ್ ಲೋಕವನ್ನು ನೆನೆಯಿರಿ. ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಗಂಟಿಗೆ ಶೇರ್ಡ್ ಲೈಬ್ರರಿ ಎನ್ನುತ್ತಾರೆ. ಅದನ್ನು ಕಟ್ಟುವ ಬಗೆ ಕಂಪನಿಗೊಂದು. ಎಚ್‌ಪಿಯವರ ಯಂತ್ರದಲ್ಲಿ ಅದರ ಹೆಸರಿಗೆ ‘.ಎಸ್‌ಎಲ್’ ಬಾಲ, ಸನ್‌ನವರ ಸೋಲಾರಿಸ್‌ನಲ್ಲಿ ‘.ಎಸ್‌ಒ’, ಐಬಿಎಂನ ಎಐಎಕ್ಸ್‌ನಲ್ಲಿ ಬೇರೆಯದೇ ಕಟ್ಟುಪಾಡು. ವಿಂಡೋಸ್‌ನಲ್ಲಿ ಡಿಎಲ್‌ಎಲ್, ಮುಂದೆ ಮ್ಯಾಕ್‌ನಲ್ಲಿ ‘.ಡೈಲಿಬ್’. ಲಿಂಕರಿಗೆ ಕೊಡಬೇಕಾದ ಸೂಚನೆಗಳೂ ಒಂದರಂತೆ ಒಂದಿಲ್ಲ. ಒಂದು ಸಣ್ಣ ಲೈಬ್ರರಿ ಬರೆದವನು ಅದನ್ನು ಹತ್ತು ಕಡೆ ಓಡಿಸಬೇಕೆಂದರೆ ಹತ್ತು ಬಗೆಯ ಪಂಚಾಂಗ ಇಟ್ಟುಕೊಳ್ಳಬೇಕಿತ್ತು. 1996ರಲ್ಲಿ ಗಾರ್ಡನ್ ಮ್ಯಾಟ್ಜಿಗ್‌ಕೈಟ್ ಈ ಎಲ್ಲ ಗೊಂದಲವನ್ನು ಒಂದು ಶೆಲ್ ಸ್ಕ್ರಿಪ್ಟಿನೊಳಗೆ ತುಂಬಿ, ಹೊರಗೆ ಒಂದೇ ಆಜ್ಞೆ ಉಳಿಸಿದರು. ಅದೇ ಲಿಬ್‌ಟೂಲ್.

ಇದು ನಮಗೇಕೆ ಎಂದು ಬಾದಾಮಿಯ ಓದುಗರು ಕೇಳಬಹುದು. ಲಿನಕ್ಸ್ ಗಣಕದ ತೆರೆಯ ಮೇಲೆ ಕನ್ನಡ ಅಕ್ಷರ ಮೂಡುವಾಗ ಯಾವ ಒತ್ತು ಯಾವ ಅಕ್ಷರದ ಕೆಳಗೆ ಎಷ್ಟು ಸರಿದು ಕೂರಬೇಕೆಂದು ಲೆಕ್ಕ ಹಾಕುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಅಕ್ಷರದ ರೇಖೆಗಳನ್ನು ಚುಕ್ಕಿಗಳಾಗಿ ಬಿಡಿಸುವುದು ಫ್ರೀಟೈಪ್ ಎಂಬ ಇನ್ನೊಂದು. ಪತ್ರ ಬರೆಯುವ ಪ್ರೋಗ್ರಾಂ, ಕಡತ ತೋರಿಸುವ ಪ್ರೋಗ್ರಾಂ, ಕ್ಯಾಲೆಂಡರು ಎಲ್ಲವೂ ಅದೇ ಒಂದು ಪ್ರತಿಯನ್ನು ಹಂಚಿಕೊಳ್ಳುತ್ತವೆ. ಅದೊಂದು ಕೆಟ್ಟರೆ ಎಲ್ಲದರಲ್ಲೂ ಕನ್ನಡ ಕೆಟ್ಟಂತೆ. ಫ್ರೀಟೈಪ್ ತನ್ನ ಕಡತಕ್ಕೆ ಅಂಕಿ ಕೊಡುವುದು ಲಿಬ್‌ಟೂಲಿನ ನಿಯಮದ ಪ್ರಕಾರ. ಆ ನಿಯಮ ಬರೆದಿರುವುದು ಈ ಕೈಪಿಡಿಯಲ್ಲಿ.

ಮೊದಲ ಅಧ್ಯಾಯಗಳ ಬಗ್ಗೆ ಒಂದೇ ಮಾತು. ಅಲ್ಲಿ ಎರಡು ಯಂತ್ರಗಳಿವೆ, ಒಂದರ ಹೆಸರು ‘ಎ23’, ಇನ್ನೊಂದರದು ‘ಬರ್ಗರ್’. ಒಂದೇ ಆಜ್ಞೆಯನ್ನು ಎರಡಕ್ಕೂ ಕೊಡುತ್ತಾರೆ. ಶೇರ್ಡ್ ಲೈಬ್ರರಿಯ ಸೌಲಭ್ಯ ಇಲ್ಲದ ಎ23 ಒಂದು ಸಲ ಕಂಪೈಲ್ ಮಾಡಿ ಸುಮ್ಮನಾಗುತ್ತದೆ. ಬರ್ಗರ್ ಅದೇ ಕಡತವನ್ನು ಎರಡು ಸಲ ಕಂಪೈಲ್ ಮಾಡಿ ಒಂದನ್ನು ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಹೊರಗೆ ಒಂದೇ ಮಾತು, ಒಳಗೆ ಎರಡು ಬಗೆಯ ದುಡಿಮೆ ಎಂಬುದನ್ನು ಪುಟಗಟ್ಟಲೆ ವಿವರಿಸದೆ ಹೀಗೆ ಅಕ್ಕಪಕ್ಕ ಇಟ್ಟು ತೋರಿಸಿದ್ದು ನನಗೆ ಬಹಳ ಹಿಡಿಸುತ್ತದೆ. ಯಂತ್ರಕ್ಕೆ ಬರ್ಗರ್ ಎಂದು ಹೆಸರಿಟ್ಟವರು ಹಸಿದಿದ್ದರೇನೋ.

ಆದರೆ ಕೈಪಿಡಿಯ ಜೀವ ಇರುವುದು ಅಂಕಿಗಳ ಅಧ್ಯಾಯದಲ್ಲಿ. ಲಿಬ್‌ಟೂಲ್ ಪ್ರತಿ ಲೈಬ್ರರಿಗೂ ಮೂರು ಅಂಕಿ ಕೇಳುತ್ತದೆ: ಕರೆಂಟ್, ರಿವಿಜನ್, ಏಜ್. ಹೊರಗಿನ ಪ್ರೋಗ್ರಾಂಗಳು ಕರೆಯಬಹುದಾದ ಫಂಕ್ಷನ್ನುಗಳು, ಅವು ಬೇಡುವ ಮಾಹಿತಿ, ಹಿಂದಿರುಗಿಸುವ ಉತ್ತರ, ಇಷ್ಟೂ ಸೇರಿ ಲೈಬ್ರರಿಯ ಇಂಟರ್ಫೇಸ್. ಅದು ಎಷ್ಟನೆಯ ಇಂಟರ್ಫೇಸ್ ಎಂದು ಹೇಳುವುದು ಕರೆಂಟ್. ಅದೇ ಇಂಟರ್ಫೇಸಿನೊಳಗೆ ಎಷ್ಟನೆಯ ತಿದ್ದುಪಡಿ ಎಂಬುದು ರಿವಿಜನ್. ಹಿಂದಿನ ಎಷ್ಟು ಇಂಟರ್ಫೇಸುಗಳ ಮಾತನ್ನು ಇನ್ನೂ ಉಳಿಸಿಕೊಂಡಿದೆ ಎಂಬುದು ಏಜ್. ಮೂರೂ ಸೊನ್ನೆಯಿಂದ ಶುರು. ಜನರಿಗೆ ಬಿಡುಗಡೆ ಮಾಡುವ ಹೊತ್ತಿನಲ್ಲಿ ಮಾತ್ರ ಅಂಕಿ ಮುಟ್ಟಬೇಕು. ಒಳಗಿನ ಕೋಡು ಬದಲಾಗಿದ್ದರೆ ರಿವಿಜನ್ ಒಂದು ಏರುತ್ತದೆ. ಇಂಟರ್ಫೇಸಿನಲ್ಲೇ ಏನಾದರೂ ಸೇರಿದ್ದರೆ, ಹೋಗಿದ್ದರೆ, ಬದಲಾಗಿದ್ದರೆ ಕರೆಂಟ್ ಒಂದು ಏರಿ ರಿವಿಜನ್ ಸೊನ್ನೆಗೆ ಇಳಿಯುತ್ತದೆ. ಬರೀ ಸೇರಿದ್ದರೆ ಏಜ್ ಕೂಡ ಒಂದು ಏರುತ್ತದೆ. ಇದ್ದದ್ದು ಹೋಗಿದ್ದರೆ ಅಥವಾ ಬದಲಾಗಿದ್ದರೆ ಏಜ್ ಸೊನ್ನೆ.

ಫ್ರೀಟೈಪನ್ನೇ ನೋಡಿ. ಅದರ 2.10.0 ಬಿಡುಗಡೆಗೆ ಲಿಬ್‌ಟೂಲ್ ಅಂಕಿ 23:0:17. ಲಿನಕ್ಸ್‌ನಲ್ಲಿ ಕರೆಂಟಿನಿಂದ ಏಜ್ ಕಳೆದು ಬರುವುದು ಕಡತದ ಮುಖ್ಯ ಅಂಕಿ. 23ರಲ್ಲಿ 17 ಹೋದರೆ 6. ಕಡತದ ಹೆಸರು ಲಿಬ್‌ಫ್ರೀಟೈಪ್.ಎಸ್‌ಒ.6.17.0. ಮುಂದಿನ 2.10.1ರಲ್ಲಿ ರಿವಿಜನ್ ಒಂದು ಏರಿ 6.17.1 ಆಯಿತು. 2021ರ 2.11.0ಕ್ಕೆ ಅಂಕಿ 24:0:18. ಕಳೆದು ನೋಡಿ, ಮತ್ತೆ 6. ಕಡತ 6.18.0. ಉಬುಂಟು 22.04 ಹಾಕಿಕೊಂಡವರ ಗಣಕದಲ್ಲಿ 6.18.1 ಸಿಗುತ್ತದೆ. ಎರಡು ದಶಕಗಳಿಂದ ಆ 6 ಅಲುಗಿಲ್ಲ, ಅದಕ್ಕೇ ಹಳೆಯ ಪ್ರೋಗ್ರಾಂಗಳು ಹೊಸ ಫ್ರೀಟೈಪಿನೊಡನೆ ತಕರಾರಿಲ್ಲದೆ ಓಡುತ್ತಿವೆ. 24:0:18 ಆದ ಮೇಲೆ ಯಾರಾದರೂ ಹಳೆಯದೊಂದು ಫಂಕ್ಷನ್ ಕಿತ್ತುಹಾಕಿದ್ದರೆ ಅಂಕಿ 25:0:0 ಆಗಿ, ಕಡತ 6ರಿಂದ ಒಮ್ಮೆಲೇ 25ಕ್ಕೆ ಹಾರುತ್ತಿತ್ತು. ಅದನ್ನು ಬಳಸುವ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತಿತ್ತು.

ಬಿಡುಗಡೆಯ ಅಂಕಿ 2.11.0, ಲಿಬ್‌ಟೂಲಿನ ಅಂಕಿ 24:0:18, ಕಡತದ ಅಂಕಿ 6.18.0. ಹೊಸಬರು ಎಡವುವುದು ಇಲ್ಲಿಯೇ. ಮೂರನ್ನೂ ಒಂದು ಮಾಡಿದರೆ ಚೆಂದ ಕಾಣುತ್ತದಲ್ಲ ಎಂದು ಬಿಡುಗಡೆಯ ಅಂಕಿಯನ್ನೇ ಲಿಬ್‌ಟೂಲಿಗೂ ತುಂಬುತ್ತಾರೆ. ಹಾಗೆ ಎಂದೂ ಮಾಡಬೇಡಿ ಎಂದು ಕೈಪಿಡಿ ಖಡಕ್ಕಾಗಿ ಹೇಳುತ್ತದೆ. ನಮ್ಮ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಕೆತ್ತಿಸಿದ ಪುಲಕೇಶಿಯ ಪ್ರಶಸ್ತಿ ತನ್ನ ಕಾಲವನ್ನು ಎರಡು ಎಣಿಕೆಯಲ್ಲಿ ಕೊಡುತ್ತದೆ: ಭಾರತ ಯುದ್ಧದಿಂದ 3735, ಶಕ 556. ನಮ್ಮ ಈಗಿನ ಲೆಕ್ಕಕ್ಕೆ ಕ್ರಿ.ಶ. 634ರ ಸುಮಾರು. ಎರಡು ಎಣಿಕೆಗೂ ಸೊನ್ನೆ ಬೇರೆ, ಪ್ರಯೋಜನ ಬೇರೆ. 3735 ಮತ್ತು 556 ಯಾಕೆ ತಾಳೆಯಾಗುತ್ತಿಲ್ಲ ಎಂದು ಯಾವ ಶಾಸನತಜ್ಞರೂ ತಲೆ ಕೆಡಿಸಿಕೊಂಡಿಲ್ಲ. ಫ್ರೀಟೈಪಿನವರೂ ಅಷ್ಟೇ ತಣ್ಣಗೆ ತಮ್ಮ ‘ಡಾಕ್ಸ್’ ಫೋಲ್ಡರಿನಲ್ಲಿ ‘ವರ್ಶನ್ಸ್’ ಎಂಬ ಕಡತ ಇಟ್ಟು, ಬಿಡುಗಡೆಗೊಂದು ಸಾಲಿನಂತೆ ಮೂರೂ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡು ಬಂದಿದ್ದಾರೆ. ದಾಖಲೆ ಇಟ್ಟುಕೊಂಡು ಬರುವುದೆಂದರೆ ಇದು. ಬಿಡುಗಡೆಗೊಂದು ಸಾಲು, ತಪ್ಪದೆ.

ಈಗ ಕೊಂಕು ಹೇಳುವ ಸರದಿ. ಲಿಬ್‌ಟೂಲ್ ಕೈಪಿಡಿಯ ಕೊನೆಯ ಭಾಗದಲ್ಲಿ ‘ಪರೀಕ್ಷಿಸಿದ ಯಂತ್ರಗಳು’ ಎಂಬ ಉದ್ದನೆಯ ಪಟ್ಟಿ ಇದೆ. ಡಿಜಿಟಲ್ ಕಂಪನಿಯ ಆಲ್ಫಾ, ಸಿಲಿಕಾನ್ ಗ್ರಾಫಿಕ್ಸಿನ ಐರಿಕ್ಸ್, ಹಳೆಯ ಎಐಎಕ್ಸ್, ಒಂದೊಂದರ ಮುಂದೆ ಅದನ್ನು ಕಡೆಯ ಸಲ ಪರೀಕ್ಷಿಸಿದ ಲಿಬ್‌ಟೂಲಿನ ಅಂಕಿ. ಆ ಅಂಕಿಗಳಲ್ಲಿ 1.2, 1.3ರಂಥವೇ ಹೆಚ್ಚು. 1990ರ ದಶಕದ ಕೊನೆಯ ಮಾತು ಅದು. ಡಿಜಿಟಲ್ ಎಂಬ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು, ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ಕೊಂಡಿತು. ಪಟ್ಟಿ ಮಾತ್ರ ಇನ್ನೂ ಕೂತಿದೆ. ಒಂದು ನ್ಯಾಯ ಹೇಳಬೇಕು: ಪರೀಕ್ಷಿಸಿದ ಅಂಕಿಯನ್ನು ಪ್ರತಿ ಸಾಲಿನಲ್ಲೂ ಬರೆದಿರುವುದರಿಂದ ಪಟ್ಟಿ ಸುಳ್ಳಾಡುತ್ತಿಲ್ಲ, ಹಳತಾಗಿದೆ ಅಷ್ಟೆ. ಆದರೂ ಅದರ ಜಾಗ ಕೈಪಿಡಿಯಲ್ಲ. ತಿಂಗಳಿಗೆ ಹಳಸುವ ವಿಷಯವನ್ನೂ ಇಪ್ಪತ್ತು ವರ್ಷ ಬಾಳುವ ವಿಷಯವನ್ನೂ ಒಂದೇ ಕಡತದಲ್ಲಿ ಇಟ್ಟರೆ, ಹಳಸಿದ್ದನ್ನು ಕಂಡ ಓದುಗ ಬಾಳುವುದನ್ನೂ ನಂಬುವುದಿಲ್ಲ. ಅಂಕಿಗಳ ಅಧ್ಯಾಯ ಇವತ್ತಿಗೂ ಅಕ್ಷರಶಃ ಸರಿ. ಐರಿಕ್ಸ್ ಸಾಲು ನೋಡಿ ಮೂಗು ಮುರಿದ ಹುಡುಗ ಅದನ್ನು ಓದದೆ ಪುಟ ಮುಚ್ಚುತ್ತಾನೆ. ಕೈಪಿಡಿ ಕಾಯುವವರ ಮೊದಲ ಕೆಲಸ ಈ ಎರಡನ್ನೂ ಬೇರೆ ಮಾಡುವುದು ಎಂಬುದು ನನ್ನ ಹಟ.

ಕಾಯುವವರೇ ಇಲ್ಲದ ಕಾಲವೂ ಬಂದಿತ್ತು. 2015ರ ಫೆಬ್ರುವರಿಯಲ್ಲಿ 2.4.6 ಬಂದ ಮೇಲೆ 2.4.7 ಬಂದದ್ದು 2022ರ ಮಾರ್ಚಿನಲ್ಲಿ. ಆ ಏಳು ವರ್ಷ ಲಿನಕ್ಸ್ ವಿತರಕರು ತಮ್ಮ ತಮ್ಮ ತೇಪೆಗಳನ್ನು ಹಾಕಿಕೊಂಡು ಕಾಲ ತಳ್ಳಿದರು. 2024ರಲ್ಲಿ ಇಲಿಯಾನಾ ದುಮಿತ್ರೆಸ್ಕು ಹೊಣೆ ಹೊತ್ತ ಮೇಲೆ 2.5ರ ಸರಣಿ ಬಂತು. ಇಷ್ಟರ ನಡುವೆಯೂ ಕೈಪಿಡಿ ಉಪಯೋಗಕ್ಕೆ ಬರುತ್ತಲೇ ಇತ್ತು. ಯಾಕೆಂದರೆ ಅದು ಹೀಗೆ ಮಾಡಿ ಎಂದಷ್ಟೇ ಹೇಳಿ ಕೈತೊಳೆದುಕೊಂಡಿರಲಿಲ್ಲ, ಯಾಕೆ ಎಂದೂ ಹೇಳಿತ್ತು. ಕಾರಣ ತಿಳಿದವನು ಆಜ್ಞೆ ಬದಲಾದರೂ ದಾರಿ ಕಂಡುಕೊಳ್ಳುತ್ತಾನೆ.

ಈ ಕೈಪಿಡಿ ಬರೆದಿರುವುದು ಟೆಕ್ಸ್‌ಇನ್ಫೊ ಎಂಬ ರೂಪದಲ್ಲಿ. ರಿಚರ್ಡ್ ಸ್ಟಾಲ್‌ಮನ್ ಮತ್ತು ಬಾಬ್ ಚಾಸೆಲ್ 1980ರ ದಶಕದಲ್ಲಿ ರೂಪಿಸಿದ್ದು. ಒಂದೇ ಮೂಲ ಕಡತದಿಂದ ತೆರೆಯ ಮೇಲೆ ಓದುವ ಪುಟ, ವೆಬ್ ಪುಟ, ಅಚ್ಚು ಮಾಡುವ ಪಿಡಿಎಫ್ ಮೂರೂ ಹುಟ್ಟುತ್ತವೆ. ಕೋಡಿನ ಪಕ್ಕದಲ್ಲೇ ಈ ಕಡತ ಇರುವುದರಿಂದ ಕೋಡು ತಿದ್ದಿದವರು ಅದೇ ಉಸಿರಿನಲ್ಲಿ ಕೈಪಿಡಿಯನ್ನೂ ತಿದ್ದಬಹುದು. ಬೇರೆ ಕಡೆ ಇಟ್ಟ ಕೈಪಿಡಿಯನ್ನು ನಾಳೆ ತಿದ್ದೋಣ ಎನ್ನುವವರ ನಾಳೆ ಬರುವುದೇ ಇಲ್ಲ. ಟೆಕ್ಸ್‌ಇನ್ಫೊ ತಾನೂ ಸುಮ್ಮನೆ ಕೂರಲಿಲ್ಲ. 2013ರ 5.0 ಬಿಡುಗಡೆಯಲ್ಲಿ ಅದರ ಪರಿವರ್ತಕವನ್ನು ಪರ್ಲ್ ಭಾಷೆಯಲ್ಲಿ ಹೊಸದಾಗಿ ಬರೆದರು. ಹಳೆಯದು ಕಂಡೂ ಕಾಣದಂತೆ ಬಿಡುತ್ತಿದ್ದ ಸಣ್ಣ ತಪ್ಪುಗಳನ್ನು ಹೊಸದು ಎತ್ತಿ ತೋರಿಸತೊಡಗಿತು. ಒಂದಕ್ಷರವೂ ಬದಲಾಗದ ಎಷ್ಟೋ ಕೈಪಿಡಿಗಳು ಆಗ ಕಟ್ಟಲಾರದೆ ನಿಂತವು.

ಇಲ್ಲಿಗೆ ನನಗೆ ಹೇಳಬೇಕಾದ ಮುಖ್ಯ ಸಂಗತಿಗೆ ಬಂದೆ. ಕೈಪಿಡಿಗೂ ಒಂದು ಇಂಟರ್ಫೇಸ್ ಇದೆ. ಟೆಕ್ಸ್‌ಇನ್ಫೊದಲ್ಲಿ ಪ್ರತಿ ಭಾಗವೂ ಒಂದು ನೋಡ್. ವೆಬ್ ಪುಟದ ವಿಳಾಸ ಹುಟ್ಟುವುದು ಆ ನೋಡಿನ ಹೆಸರಿನಿಂದಲೇ. ಬೇರೆ ಕೈಪಿಡಿಗಳು, ಪುಸ್ತಕಗಳು, ಪಾಠದ ಟಿಪ್ಪಣಿಗಳು ಆ ಹೆಸರನ್ನು ಹಿಡಿದೇ ಬೆರಳು ತೋರಿಸುತ್ತವೆ. ಶೀರ್ಷಿಕೆ ಇನ್ನಷ್ಟು ಚೆಂದವಾಗಲಿ ಎಂದು ನೋಡಿನ ಹೆಸರು ಬದಲಿಸಿದರೆ, ಕಂಡರಿಯದ ನೂರಾರು ಕಡೆ ಬೆರಳು ಗಾಳಿಗೆ ತೋರಿಸುತ್ತ ನಿಲ್ಲುತ್ತದೆ. ಫಂಕ್ಷನ್ನಿನ ಹೆಸರು ಬದಲಿಸಲು ಹತ್ತು ಸಲ ಯೋಚಿಸುವ ಪ್ರೋಗ್ರಾಮರು ಶೀರ್ಷಿಕೆ ಬದಲಿಸಲು ಒಂದು ಸಲವೂ ಯೋಚಿಸುವುದಿಲ್ಲ. ಟೆಕ್ಸ್‌ಇನ್ಫೊ ಇದಕ್ಕೆ ಎರಡು ಉಪಾಯ ಕೊಟ್ಟಿದೆ. ಹಳೆಯ ಹೆಸರನ್ನು ‘ಆ್ಯಂಕರ್’ ಆಗಿ ಅಲ್ಲೇ ನೆಟ್ಟು ಉಳಿಸಬಹುದು. ಇಲ್ಲವೇ ‘ನೋಡ್‌ರೀನೇಮ್’ ಎಂಬ ಕಡತದಲ್ಲಿ ಹಳೆಯ ಹೆಸರು, ಹೊಸ ಹೆಸರು ಬರೆದಿಟ್ಟರೆ ಹಳೆಯ ವಿಳಾಸಕ್ಕೆ ಬಂದವರನ್ನು ಅದು ಹೊಸ ಪುಟಕ್ಕೆ ಕಳಿಸುತ್ತದೆ. ಬಳಸುವವರು ಕಡಿಮೆ.

ಶಾಸನ ಓದುವವರಿಗೆ ಈ ಶಿಸ್ತು ನೂರು ವರ್ಷದ ಹಿಂದೆಯೇ ಇತ್ತು. ಐಹೊಳೆಯ ಅದೇ ಪ್ರಶಸ್ತಿಯನ್ನು ಫ್ಲೀಟರು 1876ರಲ್ಲಿ ಇಂಡಿಯನ್ ಆಂಟಿಕ್ವರಿಯ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದಾಗ ಈ ಸೀಮೆ ಬೊಂಬಾಯಿ ಪ್ರಾಂತ್ಯದ ಕಲಾದಗಿ ಜಿಲ್ಲೆ. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಹೋಯಿತು. 1956ರಲ್ಲಿ ರಾಜ್ಯ ಬದಲಾಯಿತು, 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಹುನಗುಂದದ ಮಗ್ಗುಲಿನ ಇಳಕಲ್ಲೂ ಈಚೆಗೆ ಸ್ವಂತ ತಾಲೂಕಾಯಿತು. ಊರಿನ ವಿಳಾಸವನ್ನೇ ನೆಚ್ಚಿಕೊಂಡಿದ್ದರೆ ಇಷ್ಟೂ ಸಲ ದಾರಿ ತಪ್ಪುತ್ತಿತ್ತು. ಕೀಲ್‌ಹಾರ್ನ್ ಪರಿಷ್ಕರಿಸಿದ ಪಾಠ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿದೆ. ಇವತ್ತಿನ ಸಂಶೋಧಕರೂ ಅದನ್ನು ಸಂಪುಟ, ಪುಟದ ಅಂಕಿಯಿಂದಲೇ ಕರೆಯುತ್ತಾರೆ. ಫ್ಲೀಟರ ಓದಿನಲ್ಲಿದ್ದ ದೋಷಗಳನ್ನು ತಿದ್ದಿದ ಮೇಲೂ ಅವರ ಸಂಪುಟದ ಅಂಕಿಯನ್ನು ಯಾರೂ ಅಳಿಸಲಿಲ್ಲ.

ಬಾಗಲಕೋಟೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರು ಮುಕ್ತ ತಂತ್ರಾಂಶಕ್ಕೆ ಕೈ ಹಚ್ಚುವುದು ಎಲ್ಲಿಂದ ಎಂದು ಕೇಳುವುದುಂಟು. ಕೋಡಿನಿಂದ ಬೇಡ, ಕೈಪಿಡಿಯಿಂದ ಶುರು ಮಾಡಿ ಎನ್ನುತ್ತೇನೆ. ಗ್ನೂ ಯೋಜನೆಗಳಲ್ಲಿ ದೊಡ್ಡ ತಿದ್ದುಪಡಿ ಕಳಿಸಿದರೆ ಎಷ್ಟೋ ಕಡೆ ಹಕ್ಕುಸ್ವಾಮ್ಯವನ್ನು ಬರೆದುಕೊಡುವ ಕಾಗದಪತ್ರ ಕೇಳುತ್ತಾರೆ. ಸುಮಾರು 15 ಸಾಲಿನೊಳಗಿನ ತಿದ್ದುಪಡಿಗೆ ಆ ರಗಳೆ ಇಲ್ಲ. ಕೈಪಿಡಿಯ ಒಳ್ಳೆಯ ತಿದ್ದುಪಡಿಗಳು ಬಹುತೇಕ ಅಷ್ಟರೊಳಗೇ ಮುಗಿಯುತ್ತವೆ: ಓಡದ ಒಂದು ಉದಾಹರಣೆ, ಬಿಟ್ಟುಹೋದ ಒಂದು ಆಯ್ಕೆ, ತಪ್ಪು ಜಾಗಕ್ಕೆ ಕಳಿಸುವ ಒಂದು ಕೊಂಡಿ. ಉದಾಹರಣೆ ತಿದ್ದುವ ಮೊದಲು ನಿಮ್ಮ ಗಣಕದಲ್ಲಿ ಒಮ್ಮೆ ಓಡಿಸಿ ನೋಡಿ, ತಿದ್ದಿದ ಮೇಲೆ ಕೈಪಿಡಿಯನ್ನು ಪೂರ್ತಿ ಕಟ್ಟಿ ನೋಡಿ. ಐರಿಕ್ಸ್ ಸಾಲನ್ನು ಅಳಿಸಬೇಕೆಂದರೆ ಅಳಿಸಿ ಎಂದಷ್ಟೇ ಬರೆಯಬೇಡಿ, ಅದು ಹೋಗಿ ಕೂರಬೇಕಾದ ಕಡತ ಯಾವುದೆಂದೂ ಬರೆಯಿರಿ.