ರಿಯಾಯಿತಿಯೂ ಮುಂಗಡ ಚಂದಾವೂ

ನವೆಂಬರ್ ಮಾಸವು ಸಮೀಪಿಸುತ್ತಲೇ ಕನ್ನಡ ಪುಸ್ತಕದಂಗಡಿಗಳ ಬಾಗಿಲಿಗೆ ಹಳದಿ ಕೆಂಪು ತೋರಣಗಳೂ, ಆ ತೋರಣಗಳ ಕೆಳಗೆ ತೋರಣಕ್ಕಿಂತ ದೊಡ್ಡದಾದ ಶೇಕಡಾವಾರು ಅಂಕೆಗಳೂ ಏರುವುದು ಈಗ ಋತುಧರ್ಮವೇ ಆಗಿಬಿಟ್ಟಿರುವುದರಿಂದ, ಈ ಅಂಕಣದ ಖಾಯಂ ಓದುಗರು ಈ ಹೊತ್ತಿಗೆ ನನ್ನಿಂದ ಒಂದು ಗೊಣಗಾಟವನ್ನು ನಿರೀಕ್ಷಿಸುವರೆಂಬುದನ್ನು ನಾನು ಬಲ್ಲೆ. ಸಂಪಾದಕರೂ ಬಲ್ಲರು. ಆದುದರಿಂದಲೇ ಅವರು ಈ ಸಲ ಮುಂಚಿತವಾಗಿಯೇ ಹೇಳಿ ಕಳುಹಿಸಿದ್ದಾರೆ: ವಿಮರ್ಶೆ ಹಾಗಿರಲಿ, ನಿಮ್ಮ ಬಡಾವಣೆಯ ಪುಸ್ತಕದಂಗಡಿಯಲ್ಲಿ ಮುಂದಿನ ತಿಂಗಳು ಏನೇನು ನಡೆಯತಕ್ಕದ್ದಿದೆ, ಗಿರಾಕಿಗಳಿಗೆ ಏನೇನು ಸವಲತ್ತುಗಳಿವೆ, ಅಷ್ಟನ್ನು ಬರೆಯಿರಿ, ಜನಕ್ಕೆ ಉಪಕಾರವಾಗುತ್ತದೆ ಎಂದು. ಜನೋಪಕಾರವೆಂದ ಮೇಲೆ ಒಲ್ಲೆನೆನ್ನುವುದು ಹೇಗೆ? ಗುರುವಾರ ಮಧ್ಯಾಹ್ನದೊಳಗೆ ಲೇಖನ ತಲಪದಿದ್ದರೆ ಈ ಜಾಗದಲ್ಲಿ ಹಲ್ಲುಪುಡಿಯ ಜಾಹೀರಾತು ಬರುವುದೆಂಬ ಭಯವೂ ಇದ್ದೇ ಇದೆ.

ಅಂಗಡಿಯ ಕರಪತ್ರವು ನನ್ನ ಮುಂದಿದೆ. ಅಗ್ಗದ ಗುಲಾಬಿ ಕಾಗದ, ಕಪ್ಪು ಶಾಯಿ, ಮಾಲೀಕರೇ ಕುಳಿತು ಜೋಡಿಸಿದುದೆಂಬುದು ಅಕ್ಷರಗಳ ಇಕ್ಕಟ್ಟಿನಿಂದಲೇ ತಿಳಿಯುತ್ತದೆ. ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಬೆಳಗ್ಗೆ ಪುಸ್ತಕ ಬಿಡುಗಡೆ. ಎರಡನೆಯ ಶನಿವಾರ ಮಕ್ಕಳಿಗೆ ಕಥಾಕಾಲಕ್ಷೇಪ. ಕೊನೆಯ ಭಾನುವಾರ ಸಂಜೆ ಕುಮಾರವ್ಯಾಸ ಭಾರತದ ಗಮಕವಾಚನ. ತಿಂಗಳಿಡೀ ಎಲ್ಲ ಕನ್ನಡ ಪುಸ್ತಕಗಳ ಮೇಲೆ ಶೇಕಡಾ 10 ರಿಯಾಯಿತಿ. ಸಾವಿರ ರೂಪಾಯಿಗೆ ಮೇಲ್ಪಟ್ಟು ಕೊಂಡವರಿಗೆ ಬಟ್ಟೆಯ ಚೀಲ. ಎಲ್ಲಕ್ಕೂ ಕೆಳಗೆ, ಬಹುಜನರ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರಗಳಲ್ಲಿ, ಒಂದು ಹಳೆಯ ಪ್ರವಾಸಕಥನದ ಮರುಮುದ್ರಣಕ್ಕೆ ಪ್ರಕಟನಪೂರ್ವ ಚಂದಾ ಸ್ವೀಕರಿಸಲಾಗುವುದೆಂಬ ಸೂಚನೆ. ಸಂಪಾದಕರು ಕೇಳಿದ ಕೆಲಸ ಇಲ್ಲಿಗೆ ಮುಗಿಯಿತು. ಉಳಿದ ಜಾಗ ನನ್ನದು.

ಬಿಡುಗಡೆ ಸಮಾರಂಭಗಳ ವಿಷಯದಲ್ಲಿ ನನ್ನ ಅಭಿಪ್ರಾಯವು ಬದಲಾಗಿಲ್ಲ. ಬಣ್ಣದ ಕಾಗದದಲ್ಲಿ ಸುತ್ತಿ ನೂಲಿನಿಂದ ಬಿಗಿದ ಪುಸ್ತಕವನ್ನು ಐದು ಮಂದಿ ಗಣ್ಯರು ವೇದಿಕೆಯ ಮೇಲೆ ನಿಂತು ಬಿಚ್ಚಲಾರದೆ ತಿಣುಕುವುದು, ತರುವಾಯ ಛಾಯಾಚಿತ್ರಗ್ರಾಹಕನ ಅಪ್ಪಣೆಯಂತೆ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಗುವುದು, ಆಮೇಲೆ ಮುಖ್ಯ ಅತಿಥಿಗಳು ಕೃತಿಯನ್ನು ಆಮೂಲಾಗ್ರವಾಗಿ ಓದಲು ಸಮಯ ದೊರೆಯಲಿಲ್ಲವೆಂದು ಆರಂಭಿಸಿ ಆ ಸಮಯಾಭಾವವನ್ನು ಮುಕ್ಕಾಲು ಗಂಟೆಯವರೆಗೆ ವಿಸ್ತರಿಸುವುದು, ಇವೆಲ್ಲಕ್ಕೂ ಪುಸ್ತಕಕ್ಕೂ ಇರುವ ಸಂಬಂಧವನ್ನು ನನಗೆ ಈವರೆಗೆ ಯಾರೂ ವಿವರಿಸಿಲ್ಲ. ಶಾಲು, ಹಾರ, ಫಲತಾಂಬೂಲ ಇವುಗಳ ಸರದಿ ಮುಗಿದು ಉಪ್ಪಿಟ್ಟು ಕೇಸರಿಭಾತುಗಳ ಕಡೆಗೆ ಸಭೆ ಹೊರಳುವಾಗ ಮಾರಾಟದ ಮೇಜಿನ ಹತ್ತಿರ ನಿಲ್ಲುವವರು ಲೇಖಕರ ಬಂಧುಗಳು. ಅವರಿಗೂ ಒಂದೊಂದು ಗೌರವಪ್ರತಿಯೇ ಬೇಕು. ಇಷ್ಟು ಸಾಕು.

ಗಮಕದ ಮಾತು ಬೇರೆ. ಈ ಸಲದ ಪ್ರಸಂಗ ಉದ್ಯೋಗಪರ್ವದ ಕರ್ಣಭೇದನವೆಂದು ಕರಪತ್ರ ಹೇಳುತ್ತದೆ. ಹೊಸ ಪುಸ್ತಕಗಳ ನಡುಮೇಜನ್ನು ಗೋಡೆಗೆ ಒತ್ತರಿಸಿ, ನಿಘಂಟುಗಳ ಕಪಾಟಿಗೂ ಮಕ್ಕಳ ಪುಸ್ತಕಗಳ ಕಪಾಟಿಗೂ ನಡುವೆ ಜಮಖಾನೆ ಹಾಸಿ, ಗಮಕಿಗಳೂ ವ್ಯಾಖ್ಯಾನಕಾರರೂ ಅಕ್ಕಪಕ್ಕ ಕುಳಿತರೆಂದರೆ, ಆ ಇಕ್ಕಟ್ಟಿನಲ್ಲಿ ಮೊಳಕಾಲು ಮಡಿಸಿ ಕೂರಲಾರದ ವೃದ್ಧರು ಗಲ್ಲಾಪೆಟ್ಟಿಗೆಯ ಹತ್ತಿರದ ಸ್ಟೂಲುಗಳನ್ನು ಆಕ್ರಮಿಸುವರು. ಸಂಧಾನವು ಮುರಿದು ಹಿಂದಿರುಗತಕ್ಕ ಕೃಷ್ಣನು ಕರ್ಣನನ್ನು ತನ್ನ ರಥದಲ್ಲಿ ಹತ್ತಿರ ಕುಳ್ಳಿರಿಸಿಕೊಂಡು, ನಂಟಸ್ತನದ ಸಲಿಗೆಯಿಂದ ಮಾತನ್ನಾರಂಭಿಸಿ, ಕುಲದ ರಹಸ್ಯವನ್ನು ಒಂದೊಂದೇ ಎಳೆಯಾಗಿ ಬಿಚ್ಚಿ, ಸಿಂಹಾಸನವನ್ನೂ ಸಹೋದರರ ಊಳಿಗವನ್ನೂ ಕಣ್ಣಿಗೆ ಕಟ್ಟುವಂತೆ ಚಿತ್ರಿಸುವ ಆ ಸನ್ನಿವೇಶದಲ್ಲಿ ಕುಮಾರವ್ಯಾಸ ನಾರಣಪ್ಪನು ತೋರಿದ ಕೌಶಲವನ್ನು, ಅಚ್ಚಿನ ಪುಟದಲ್ಲಿ ಎಷ್ಟು ಸಲ ಓದಿದವರೂ ಕಿವಿಯಿಂದ ಕೇಳಿದ ದಿನ ಹೊಸದಾಗಿ ಅರಿಯುತ್ತಾರೆ. ಕೃಷ್ಣನ ಮಾತಿನ ಜಾಣತನಕ್ಕೆ ಒಂದು ರಾಗ, ಕರ್ಣನ ದುಃಖಕ್ಕೆ ಇನ್ನೊಂದು. ನಡುವೆ ಗಮಕಿಗಳು ಕ್ಷಣಕಾಲ ನಿಲ್ಲಿಸಿದಾಗ ಭಾಮಿನಿಯ ಲಯವು ಕೇಳುವವರ ಒಳಗೆ ತಾನೇ ಮುಂದುವರಿಯುತ್ತಿರುತ್ತದೆ. ಗೆದ್ದರೂ ಸೋತರೂ ತನ್ನವರನ್ನೇ ಕಳೆದುಕೊಳ್ಳತಕ್ಕ ಮನುಷ್ಯನು ರಾಜ್ಯವನ್ನೊಲ್ಲದೆ ಅನ್ನದ ಋಣವನ್ನು ಆರಿಸಿಕೊಳ್ಳುವ ಆ ಸ್ಥಳ ಬಂದಾಗ ವ್ಯಾಖ್ಯಾನಕಾರರು ಜಾಣರಾದರೆ ಏನನ್ನೂ ಹೇಳುವುದಿಲ್ಲ.

ವಾಚನ ಮುಗಿದೊಡನೆ ಹಳಗನ್ನಡ ನಡುಗನ್ನಡಗಳ ಕಪಾಟಿನ ಕಡೆಗೆ ಕೈಗಳು ಚಾಚುವುದನ್ನು ನಾನು ಕಂಡಿದ್ದೇನೆ. ಆ ಕೈಗಳಲ್ಲಿ ಒಂದೂ ಹಿಂಬದಿಯ ರಟ್ಟಿನ ಬೆಲೆಯನ್ನು ಮೊದಲು ತಿರುಗಿಸಿ ನೋಡಿದುದನ್ನು ಕಾಣೆ. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ 1958ರಲ್ಲಿ ಮೈಸೂರು ಸರ್ಕಾರವು ಈ ಭಾರತವನ್ನು ಸುಲಭ ಬೆಲೆಯಲ್ಲಿ ಹೊರತಂದಾಗ ಅದು ಮನೆಮನೆಗೆ ಹೋದುದು ಬೆಲೆ ಸುಲಭವಾದ್ದರಿಂದ ಮಾತ್ರವೇ ಎಂದು ರಿಯಾಯಿತಿ ಪಂಥದವರು ಹೇಳಬಹುದು. ಮನೆಮನೆಯಲ್ಲಿ ಅದನ್ನು ಓದಿ ಹೇಳಬಲ್ಲ ಕಂಠಗಳೂ, ಕೇಳಿ ಬೆಳೆದ ಕಿವಿಗಳೂ ಮೊದಲೇ ಇದ್ದುವು ಎಂಬುದನ್ನು ಅವರು ಮರೆಯುತ್ತಾರೆ.

ಪಂಥದ ಹೆಸರೆತ್ತಿದ ಮೇಲೆ ಹಳೆಯ ಲೆಕ್ಕವನ್ನು ಚುಕ್ತಾ ಮಾಡಿಯೇ ಮುಂದುವರಿಯುವುದು ಯೋಗ್ಯ. ಪುಸ್ತಕವನ್ನು ಆಷಾಢದ ಸೀರೆಯಂತೆ ಮಾರಬೇಕು, ಶೇಕಡಾ ಹೆಚ್ಚಿದಷ್ಟೂ ಓದುಗರು ಹೆಚ್ಚುವರು ಎಂಬುದು ಇವರ ಸಿದ್ಧಾಂತ. ಇನ್ನೂರು ರೂಪಾಯಿಯ ಪುಸ್ತಕದಲ್ಲಿ ಅಂಗಡಿಯವನಿಗೆ ಮೂರನೆಯ ಒಂದು ಪಾಲು ದಕ್ಕುವುದೆಂದೇ ಇಟ್ಟುಕೊಳ್ಳೋಣ. ಅದು ಅರವತ್ತಾರು ರೂಪಾಯಿ ಚಿಲ್ಲರೆ. ಶೇಕಡಾ 10 ಎಂದರೆ ಗಿರಾಕಿಗೆ ಇಪ್ಪತ್ತು. ಆದರೆ ಅಂಗಡಿಯವನ ಪಾಲಿಗೆ ಅದು ತನ್ನ ಗಳಿಕೆಯ ಹೆಚ್ಚುಕಡಮೆ ಮೂರನೆಯ ಒಂದಂಶ. ಉಳಿದುದರಲ್ಲಿ ಬಾಡಿಗೆ, ದೀಪ, ಹುಡುಗನ ಸಂಬಳ, ಮಾರದೆ ಧೂಳು ತಿನ್ನುವ ಕವನಸಂಕಲನಗಳ ಪೋಷಣೆ. ಇದನ್ನು ಸರಿದೂಗಿಸಲು ಪ್ರಕಾಶಕನು ಏನು ಮಾಡುತ್ತಾನೆ? ಮುಂದಿನ ಮುದ್ರಣದಲ್ಲಿ ಮುಖಬೆಲೆಯನ್ನು ಏರಿಸುತ್ತಾನೆ. ನವೆಂಬರಿನಲ್ಲಿ ಕೊಟ್ಟುದನ್ನು ಉಳಿದ ಹನ್ನೊಂದು ತಿಂಗಳು ನಮ್ಮಿಂದಲೇ ವಸೂಲು ಮಾಡುವ ಈ ಔದಾರ್ಯಕ್ಕೆ ನಾವು ಕೃತಜ್ಞರಾಗಿರಬೇಕಂತೆ! ದೊಡ್ಡ ಗೋದಾಮುಗಳಿಂದ ಮನೆಬಾಗಿಲಿಗೆ ಪೊಟ್ಟಣ ಕಳುಹಿಸುವ ವ್ಯಾಪಾರಿಗಳು ಈ ನಷ್ಟವನ್ನು ಬೇರೆ ಸರಕುಗಳ ಮೇಲೆ ತುಂಬಿಕೊಳ್ಳಬಲ್ಲರು. ಬೀದಿಯ ತಿರುವಿನ ಪುಸ್ತಕದಂಗಡಿಗೆ ಬೇರೆ ಸರಕಿಲ್ಲ.

ಫ್ರಾನ್ಸಿನಲ್ಲಿ ಈ ವಿಚಾರವನ್ನು ಶಾಸನದ ಮೂಲಕವೇ ನಿರ್ಣಯಿಸಿದರು. ಆಗಿನ ಸಂಸ್ಕೃತಿ ಸಚಿವ ಜಾಕ್ ಲಾಂಗ್ ಅವರ ಹೆಸರಿನಿಂದ ಪ್ರಸಿದ್ಧವಾದ 1981ರ ಕಾನೂನಿನ ಪ್ರಕಾರ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕನು ನಿಗದಿ ಮಾಡತಕ್ಕದ್ದು. ಯಾವ ಅಂಗಡಿಯೂ ಶೇಕಡಾ 5ಕ್ಕಿಂತ ಹೆಚ್ಚಿಗೆ ಬಿಡುವಂತಿಲ್ಲ. ಅಂತರ್ಜಾಲದ ವ್ಯಾಪಾರಿಗಳು ಅಂಚೆವೆಚ್ಚವನ್ನು ನಾಮಮಾತ್ರಕ್ಕೆ ಇಳಿಸಿ ಈ ನಿಯಮದಿಂದ ನುಸುಳಿಕೊಂಡಾಗ, 35 ಯೂರೋಗಿಂತ ಕಡಮೆಯ ಪುಸ್ತಕಖರೀದಿಗೆ ಕನಿಷ್ಠ 3 ಯೂರೋ ಅಂಚೆವೆಚ್ಚವನ್ನು 2023ರಲ್ಲಿ ವಿಧಿಸಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ವಿಪರೀತವಾಯಿತು: 1900ರಿಂದ ನಡೆದುಬಂದ ನಿಶ್ಚಿತ ಬೆಲೆಯ ಒಡಂಬಡಿಕೆಯು 1995ರಲ್ಲಿ ಬಿದ್ದುಹೋಗಿ, ತರಕಾರಿ ಮಾರುವ ಮಹಾಮಳಿಗೆಗಳೇ ಜನಪ್ರಿಯ ಕಾದಂಬರಿಗಳ ಬೆಲೆಯನ್ನು ಕತ್ತರಿಸತೊಡಗಿದುವು.

ಆಕ್ಷೇಪಣೆಯೊಂದು ಬರತಕ್ಕದ್ದೇ, ನಾನೇ ಎತ್ತಿಬಿಡುತ್ತೇನೆ. ಮುಂಬಯಿಯ ಸ್ಟ್ರಾಂಡ್ ಬುಕ್ ಸ್ಟಾಲನ್ನು 1948ರಲ್ಲಿ ಒಂದು ಚಿತ್ರಮಂದಿರದ ಮೂಲೆಯಲ್ಲಿ ತೆರೆದ ಟಿ.ಎನ್. ಶಾನಭಾಗರು ರಿಯಾಯಿತಿಯನ್ನೇ ತಮ್ಮ ವ್ಯಾಪಾರದ ಧರ್ಮವಾಗಿ ನಡೆಸಿಕೊಂಡು ಬಂದವರಲ್ಲವೇ? ಅಲ್ಲಿಯೇ ಕೆಲಸ ಕಲಿತು ಬೆಂಗಳೂರಿಗೆ ಬಂದು ಪ್ರೀಮಿಯರ್ ಬುಕ್‌ಶಾಪನ್ನು ನಡೆಸಿದ ಟಿ.ಎಸ್. ಶಾನಭಾಗರೂ ಕೇಳದೆಯೇ ಬೆಲೆಯನ್ನು ಇಳಿಸುತ್ತಿರಲಿಲ್ಲವೇ? ನಿಜ. ಆದರೆ ಆ ಪುಟ್ಟ ಅಂಗಡಿಯೊಳಗೆ ನೆಲದಿಂದ ಮೇಲಕ್ಕೆ ಸ್ತಂಭಗಳಂತೆ ಪೇರಿಸಿದ ಪುಸ್ತಕಗಳ ನಡುವೆ ಅಡ್ಡಡ್ಡಲಾಗಿ ನಡೆದು, ಬೇಕಾದುದರ ಹೆಸರು ಹೇಳಿದರೆ, ಅವರು ಯಾವ ರಾಶಿಯ ಎಷ್ಟನೆಯ ಪದರದಲ್ಲಿದೆಯೆಂದು ಬಲ್ಲವರಾಗಿ ಅದನ್ನು ಹೊರಗೆಳೆದು, ಬಿಲ್ಲಿನ ಕೆಳಗೆ ಒಂದು ಮಾತೂ ಇಲ್ಲದೆ ಅಂಕೆಯನ್ನು ತಗ್ಗಿಸಿ ಬರೆಯುತ್ತಿದ್ದುದನ್ನು ಕಂಡವರು, ಅದನ್ನು ಬಾಗಿಲಿನ ಬ್ಯಾನರಿನ ರಿಯಾಯಿತಿಯೊಂದಿಗೆ ಒಂದೇ ತಕ್ಕಡಿಯಲ್ಲಿಡಲಾರರು. ಅಲ್ಲಿ ಬೆಲೆ ಇಳಿಯುತ್ತಿದ್ದುದು ಓದುಗನನ್ನು ನೋಡಿ. ಪ್ರೀಮಿಯರ್ 2009ರಲ್ಲಿ ಮುಚ್ಚಿತು, ಸ್ಟ್ರಾಂಡ್ 2018ರಲ್ಲಿ.

ಹೀಗೆ ಬರೆಯುತ್ತ ಬಂದಾಗ ಕರಪತ್ರದ ತಳದ ಆ ಸಣ್ಣ ಅಕ್ಷರದ ಸಾಲೇ ಮಿಕ್ಕೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಪ್ರಕಟನಪೂರ್ವ ಚಂದಾ! ಇದರಲ್ಲಿಯೂ ಬೆಲೆ ಕಡಮೆಯೇ. ಆದರೆ ಇಲ್ಲಿ ಓದುಗನು ಸಿದ್ಧವಾಗಿರುವ ಪುಸ್ತಕದ ಬೆಲೆಯನ್ನು ಇಳಿಸಿಕೊಳ್ಳುವುದಿಲ್ಲ, ಇನ್ನೂ ಹುಟ್ಟದ ಪುಸ್ತಕವನ್ನು ಹುಟ್ಟಿಸುತ್ತಾನೆ. ಆಧುನಿಕ ಕನ್ನಡ ಸಾಹಿತ್ಯದ ಬಹುಭಾಗ ಈ ಬಗೆಯ ಮುಂಗಡದ ಮೇಲೆಯೇ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು. ಕಳೆದ ಶತಮಾನದ ಹಿಂದಿನ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನಿಂದ ಹೊರಡುತ್ತಿದ್ದ ‘ಕರ್ಣಾಟಕ ಕಾವ್ಯಮಂಜರಿ’ಯು ಪ್ರಾಚೀನ ಕಾವ್ಯಗಳನ್ನು ತಿಂಗಳು ತಿಂಗಳಿಗೂ ಕಂತುಗಳಾಗಿ ಕಳುಹಿಸಿತು. ಉತ್ತರದಲ್ಲಿ ಗಳಗನಾಥರು ತಾವು ಬರೆದ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಓದುಗರನ್ನು ಸಂಪಾದಿಸಿದರು. ಅವರ ತರುವಾಯ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿಕೊಂಡೇ ವರ್ಷವರ್ಷವೂ ಪುಸ್ತಕಗಳನ್ನು ಹೊರತಂದಿತು. ಸುಭಾಷ ರಸ್ತೆಯಲ್ಲಿನ ಅದರ ಪ್ರಸಿದ್ಧ ಅಟ್ಟವನ್ನು ಏರಿ ಹೋದವರಿಗೆ ಅದು ಕಚೇರಿಯೋ ಅಂಗಡಿಯೋ ಸಾಹಿತಿಗಳ ಹರಟೆಯ ಜಗುಲಿಯೋ ಎಂಬುದು ಬೇಗನೆ ನಿರ್ಧಾರವಾಗುತ್ತಿರಲಿಲ್ಲ, ಮೂರೂ ಆಗಿದ್ದಿತು.

ಆ ಚಂದಾದಾರರನ್ನು ಸ್ವಲ್ಪ ಯೋಚಿಸಿ ನೋಡಿ. ಬರುವ ವರ್ಷ ತಮ್ಮ ಮನೆಗೆ ಯಾವ ಪುಸ್ತಕ ಬರುವುದೆಂದು ಪೂರ್ತಿ ತಿಳಿಯದೆ, ಅಟ್ಟದ ಮೇಲೆ ಕುಳಿತವರ ಅಭಿರುಚಿಯನ್ನು ನಂಬಿ, ಸಂಬಳದಲ್ಲಿ ಉಳಿಸಿದ ಹಣವನ್ನು ಕಳುಹಿಸಿದ ಶಾಲಾ ಮಾಸ್ತರರು, ಗುಮಾಸ್ತರು, ವಕೀಲರು! ಹೆಸರಿಲ್ಲದ ಇಂಥವರ ಬೆಂಬಲದಿಂದ ಬೆಳೆದ ಆ ಸಂಸ್ಥೆಯು, ಕೀರ್ತಿನಾಥ ಕುರ್ತಕೋಟಿಯವರ ವಿವೇಚನೆಯ ಬಲವನ್ನೂ ಪಡೆದು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ತರುಣನೊಬ್ಬನ ಚೊಚ್ಚಲ ನಾಟಕವನ್ನು 1961ರಲ್ಲಿ ಅಚ್ಚುಹಾಕಿತು. ಗಿರೀಶ ಕಾರ್ನಾಡರ ‘ಯಯಾತಿ’ ಅದು. ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಸಹ ಅಲ್ಲಿಯದೇ. ಶೇಕಡಾ 10ರ ಆಸೆಯಿಂದ ಬಂದ ಗಿರಾಕಿಗಳನ್ನು ನೆಚ್ಚಿಕೊಂಡು ಯಾವ ಪ್ರಕಾಶಕನೂ ಇಂಥ ಸಾಹಸಕ್ಕೆ ಕೈಹಾಕಲಾರನು.

ಪರದೇಶದ ನಿದರ್ಶನವೂ ಇದನ್ನೇ ಹೇಳುತ್ತದೆ. 1919ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ‘ಷೇಕ್ಸ್‌ಪಿಯರ್ ಅಂಡ್ ಕಂಪೆನಿ’ ಎಂಬ ಪುಟ್ಟ ಅಂಗಡಿಯನ್ನು ತೆರೆದ ಸಿಲ್ವಿಯಾ ಬೀಚ್ ಎಂಬಾಕೆ, ಯಾವ ಪ್ರಕಾಶಕನೂ ಮುಟ್ಟಲೊಲ್ಲದ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಗೆ ಚಂದಾಪತ್ರಗಳನ್ನು ಹಂಚಿ, ಬಂದ ಹೆಸರುಗಳ ಧೈರ್ಯದ ಮೇಲೆ 1000 ಪ್ರತಿಗಳನ್ನು 1922ರ ಫೆಬ್ರವರಿಯಲ್ಲಿ ಹೊರತಂದಳು. ಬೆಲೆಯಾದರೂ ಎಷ್ಟು? ಕಾಗದದ ತರಕ್ಕೆ ತಕ್ಕಂತೆ 150, 250, 350 ಫ್ರಾಂಕುಗಳು. ರಿಯಾಯಿತಿಯ ಸುಳಿವೂ ಇಲ್ಲ. ಯೇಟ್ಸ್ ಚಂದಾ ಕೊಟ್ಟನು. ಬರ್ನಾರ್ಡ್ ಷಾ ಒಲ್ಲೆನೆಂದು ಕಾಗದ ಬರೆದನು. ಷಾನ ನಿರಾಕರಣೆಯೂ ನನಗೆ ಪ್ರಿಯವೇ: ಪುಸ್ತಕದ ವಿಷಯದಲ್ಲಿ ಬೇಕು ಅಥವಾ ಬೇಡ ಎನ್ನುವ ಓದುಗನೊಡನೆ ವ್ಯವಹಾರ ಸಾಧ್ಯ, ಎಷ್ಟು ಬಿಡುತ್ತೀರಿ ಎನ್ನುವವನೊಡನೆ ಕಷ್ಟ.

ನಮ್ಮ ಬಡಾವಣೆಯ ಮಾಲೀಕರನ್ನು ಈ ವಿಷಯವಾಗಿ ವಿಚಾರಿಸಿದೆ. ಗಲ್ಲಾಪೆಟ್ಟಿಗೆಯ ಅಡಿಯಿಂದ ಉದ್ದನೆಯ ಲೆಕ್ಕದ ಪುಸ್ತಕವನ್ನು ತೆಗೆದು ತೋರಿಸಿದರು. ಹೆಸರು, ವಿಳಾಸ, ಕೊಟ್ಟ ಹಣ, ರಸೀತಿಯ ಸಂಖ್ಯೆ ಎಂದು ಗೆರೆ ಎಳೆದ ಅಂಕಣಗಳು. ಮೊದಲ ಪುಟವೂ ತುಂಬಿರಲಿಲ್ಲ. ಬಟ್ಟೆಯ ಚೀಲಗಳು ಮಾತ್ರ ಆಗಲೇ ಅರ್ಧ ಖರ್ಚಾಗಿದ್ದುವು. ಮುನ್ನೂರು ಹೆಸರುಗಳು ಕೂಡಿದರೆ ಅಚ್ಚಿಗೆ ಹೋಗತಕ್ಕದ್ದು, ಕೂಡದಿದ್ದರೆ ಹಣವನ್ನು ಹಿಂದಿರುಗಿಸುವುದು ಎಂಬುದು ಕರಾರು. ಆದುದರಿಂದ ಈ ಅಂಕಣವನ್ನು ಓದತಕ್ಕವರಲ್ಲಿ ನನ್ನ ಬಿನ್ನಹವಿಷ್ಟೇ: ನಿಮ್ಮ ನಿಮ್ಮ ಊರಿನ ಪುಸ್ತಕದಂಗಡಿಗೆ ನವೆಂಬರಿನಲ್ಲಿ ಹೋದಾಗ ಶೇಕಡಾವಾರನ್ನು ವಿಚಾರಿಸುವ ಮೊದಲು, ಇಂಥ ಚಂದಾಪಟ್ಟಿ ಯಾವುದಾದರೂ ಇದೆಯೇ ಎಂದು ಕೇಳಿ, ಇದ್ದರೆ ಹೆಸರು ಬರೆಸಿ, ಮುಂಗಡವನ್ನು ಕೊಟ್ಟು, ರಸೀತಿಯನ್ನು ಮರೆಯದೆ ಪಡೆದುಕೊಳ್ಳಿ. ನಮ್ಮ ಅಂಗಡಿಯ ಪಟ್ಟಿ ನವೆಂಬರ್ 30ರ ರಾತ್ರಿ ಎಂಟಕ್ಕೆ ಮುಚ್ಚುತ್ತದೆ.