ಮೂರ್ತಿ ಬಿಟ್ಟು ಕಂಬ ನೋಡಿ

ಬೇಲೂರು ನೋಡಿ ಬಂದ ಕಣ್ಣಿಗೆ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿ ಮೊದಲು ಬೋಳೆನಿಸುತ್ತದೆ. ಮದನಿಕೆಯರಿಲ್ಲ, ಆನೆಗಳ ಸಾಲಿಲ್ಲ. ನಮ್ಮೂರು ಹಿರೇಬೆಂಡಿಗೇರಿಗೆ ಬಂದ ನೆಂಟರನ್ನು ಕರೆದೊಯ್ದರೆ ಮೂರ್ತಿ ಹುಡುಕುತ್ತಾರೆ, ಸಿಗದಿದ್ದರೆ ನವಿಲುಧಾಮದ ಕಡೆ ಹೊರಡುತ್ತಾರೆ. ಆದರೆ ಕಲ್ಯಾಣ ಚಾಲುಕ್ಯರ ಕಾಲದ, ಅಂದರೆ 11-12ನೇ ಶತಮಾನದ, ನಮ್ಮ ಸೀಮೆಯ ಗುಡಿಗಳಲ್ಲಿ ಶಿಲ್ಪಿಯ ಅಭಿಮಾನವೆಲ್ಲ ಕಂಬ, ಬಾಗಿಲವಾಡ, ಚಾವಣಿಗಳಲ್ಲಿದೆ.

ಜನ ನಗರೇಶ್ವರವನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಬಂದವರೆಲ್ಲ ಎಣಿಸಲು ಶುರುಮಾಡುತ್ತಾರೆ! ಎಣಿಕೆ ಬಿಡಿ, ಒಂದೇ ಕಂಬದ ಮುಂದೆ ಕುಳಿತುಕೊಳ್ಳಿ. ಚೌಕ ಬುಡ, ಗಂಟೆಯಾಕಾರದ ನಡು, ಬಳೆ ಬಳೆಯಾಗಿ ಸುತ್ತುವ ಗೆರೆಗಳು, ಅವುಗಳ ಮೇಲೆ ಅಗಲವಾದ ಫಲಕ. ಬಾದಾಮಿ, ಐಹೊಳೆಯ ಮರಳುಗಲ್ಲಿನಲ್ಲಿ ಇಷ್ಟು ನವಿರಾದ ಅಂಚು ತೆಗೆಯುವುದು ಕಷ್ಟ. ಇದು ಬಳಪದ ಕಲ್ಲು: ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗಿದಂತೆ ಗಟ್ಟಿ. ಈಗ ನಾವು ಲೇಥ್ ಎನ್ನುತ್ತೇವಲ್ಲ, ಆ ಬಗೆಯಲ್ಲಿ ತಿರುಗಿಸಿ ಕಡೆದದ್ದರಿಂದ ಗೆರೆಗಳು ಸುತ್ತಲೂ ಒಂದೇ ಸಮ. ಓರೆ ಬಿಸಿಲು ಬಿದ್ದಾಗ ಪ್ರತಿ ಬಳೆಯೂ ಬಿಡಿಸಿಟ್ಟಂತೆ ಕಾಣುತ್ತದೆ. ಬೇಲೂರಿನ ನವರಂಗದಲ್ಲಿ ಹೊಳೆಯುವ ಕಂಬಗಳೂ ಈ ಚಾಲುಕ್ಯ ಕಸುಬಿನ ಮುಂದುವರಿಕೆಯೇ. 1117ರಲ್ಲಿ ಆ ಗುಡಿ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನ ಮುಂದೆ ಹಾನಗಲ್ಲನ್ನು ಮುತ್ತಿದ, ಬಂಕಾಪುರದಲ್ಲಿ ಬೀಡುಬಿಟ್ಟ.

ಈ ಕಾಲದ ಗುಡಿಗಳ ಹೊರಗೋಡೆಯಲ್ಲಿ ಗೋಡೆಗಂಬಗಳ ಮೇಲೆ ಪುಟ್ಟ ಶಿಖರಗಳಿರುತ್ತವೆ. ಬರೀ ಅಲಂಕಾರವೆಂದು ದಾಟಬೇಡಿ. ಕೆಲವು ದ್ರಾವಿಡ ಬಗೆಯವು, ಕೆಲವು ಉತ್ತರದ ನಾಗರ ಬಗೆಯವು. ತಾನು ಕಟ್ಟದ ಗುಡಿಗಳ ಮಾದರಿಯನ್ನೂ ಶಿಲ್ಪಿ ಗೋಡೆಯ ಮೇಲೆ ಮೂಡಿಸಿದ್ದಾನೆ.

ಹಾನಗಲ್ಲಿನ ತಾರಕೇಶ್ವರದಲ್ಲಿ ಕತ್ತು ನೋಯದೆ ವಿಧಿಯಿಲ್ಲ. ದೊಡ್ಡ ಮಂಟಪದ ಚಾವಣಿಯಲ್ಲಿ ಕಲ್ಲಿನ ಸುತ್ತುಗಳು ಒಂದಕ್ಕಿಂತ ಒಂದು ಒಳಕ್ಕೆ ಚಾಚುತ್ತ ಮೇಲೇರಿ, ನಡುವೆ ತಾವರೆಯಾಗಿ ಕೆಳಕ್ಕೆ ಇಳಿಬಿದ್ದಿವೆ. ಕಮಾನಿನ ತಂತ್ರವೇ ಇಲ್ಲ, ಚಾಚಿದ ಕಲ್ಲನ್ನು ಅದರ ಹಿಂದಿನ ಭಾರ ಹಿಡಿದು ನಿಲ್ಲಿಸಿದೆ. ಹೊಸಬರು ನೇರ ತಾವರೆಗೆ ಕಣ್ಣು ಹಾರಿಸುತ್ತಾರೆ. ಕೆಳಗಿನ ಸುತ್ತಿನಿಂದ ನಿಧಾನವಾಗಿ ಹತ್ತಿದರೆ ಕಟ್ಟಿದ ಬಗೆ ತಿಳಿಯುತ್ತದೆ. ಪೂಜೆಯ ಹೊತ್ತಲ್ಲದಿದ್ದರೆ, ಯಾರೂ ಬೇಡವೆನ್ನದಿದ್ದರೆ, ಅಂಗಾತ ಮಲಗಿ ನೋಡುವುದೇ ಮೇಲು. ಈ ಒಂದು ಚಾವಣಿಗೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ.

ಹಾವೇರಿಯ ಪುರಸಿದ್ಧೇಶ್ವರಕ್ಕೆ ಸಂಜೆ ಹೋಗಿ. ಅದು ಪಡುವಣಕ್ಕೆ ಮುಖ ಮಾಡಿದ ಗುಡಿ, ಬೆಳಿಗ್ಗೆ ಮುಂಭಾಗಕ್ಕೆ ಬಿಸಿಲೇ ಬೀಳದು.

ಶಿಖರ ಓದಲು ಕಲಿಯುವುದಾದರೆ ತುಂಗಭದ್ರೆಯ ದಂಡೆಯ ಚೌಡದಾನಪುರವೇ ಸರಿ. ಅಲ್ಲಿ ಮುಕ್ತೇಶ್ವರ ಗುಡಿಯ ಶಿಖರ ಚೆನ್ನಾಗಿ ಉಳಿದಿದೆ, ಗರ್ಭಗುಡಿಯೂ ಒಂದೇ ಆದ್ದರಿಂದ ಗೊಂದಲವಿಲ್ಲ. ದೂರ ನಿಂತು ಅಂತಸ್ತುಗಳನ್ನು ಗುರುತಿಸಿ, ಮುಂದಕ್ಕೆ ಚಾಚಿದ ಶುಕನಾಸಿಯನ್ನು ಪಕ್ಕದಿಂದ ನೋಡಿ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ಮೇಲಿನ ಅಂತಸ್ತುಗಳ ಕೆತ್ತನೆ ಬರಿಗಣ್ಣಿಗೆ ಸಿಗದು.