ಗಿರಣಿಗಾಂವಿನ ಹಾಡನ್ನು ಕೇಳುವ ಬಗೆ

ಪಕ್ಷದ ಬಾವುಟವನ್ನು ಹಿಡಿದು ಬಂದ ಹಾಡಿನಲ್ಲಿ ಘೋಷಣೆಯನ್ನುಳಿದು ಮತ್ತೇನಿದ್ದೀತೆಂದು ಸಂದೇಹಿಸುವ ರಸಿಕನು, ಗಿರಣಿಗಾಂವವೆನಿಸಿದ ಮುಂಬಯಿಯ ಲಾಲಬಾಗ್, ಪರೇಲ್‌ಗಳ ಗಿರಣಿ ಕಾಮಗಾರರ ನಡುವೆ ಬೆಳೆದ, ಶಾಹಿರರೆಂಬ ಮರಾಠಿ ಜನಪದ ಕವಿಗಾಯಕರ ಶಾಹಿರಿ ಗಾಯನವನ್ನು, ಅದರಲ್ಲಿಯೂ ಅಣ್ಣಾಭಾವು ಸಾಠೆಯವರ ‘ಮಾಝೀ ಮೈನಾ’ (ನನ್ನ ಮೈನಾ) ಎಂಬ ಛಕ್ಕಡ ಲಾವಣಿಯನ್ನು, ಒಮ್ಮೆ ಸಾವಧಾನವಾಗಿ ಕೇಳುವುದು ಲೇಸು. 1920ರಲ್ಲಿ ಸಾಂಗಲಿ ಸೀಮೆಯ ವಾಟೇಗಾಂವದಲ್ಲಿ ಜನಿಸಿ, ಶಾಲೆಯ ಓದಿನ ಭಾಗ್ಯವಿಲ್ಲದೆ ಬೆಳೆದು, ಮುಂಬಯಿಯ ಗಿರಣಿಯಲ್ಲಿ ದುಡಿದ ಸಾಠೆಯವರು 1944ರಲ್ಲಿ ಅಮರ ಶೇಖ್, ಗವಾಣಕರರೊಡಗೂಡಿ ‘ಲಾಲ್ ಬಾವಟಾ ಕಲಾಪಥಕ’ವನ್ನು, ಎಂದರೆ ಕೆಂಬಾವುಟದ ಕಲಾತಂಡವನ್ನು, ಕಟ್ಟಿದವರು.

ಮೊದಲು ಕಿವಿಗೊಡಬೇಕಾದುದು ಮೇಳದ ಕ್ರಮಕ್ಕೆ. ಡೋಲಕಿ, ಡಫ್, ತುಂತುಣೆಗಳ ನಡುವೆ ಶಾಹಿರನು ಹಾಡಿದ ಪಲ್ಲವಿಯನ್ನು ಸಂಗಡಿಗರು ಏರುದನಿಯಲ್ಲಿ ಎತ್ತಿಕೊಳ್ಳುವರು; ಬಿಜಾಪುರ, ಬೆಳಗಾವಿಗಳ ಗೀಗೀ ಮೇಳವನ್ನು ಬಲ್ಲವರಿಗೆ ಇದು ಹೊಸತಲ್ಲ. ಒಬ್ಬನ ಅಳಲು ನೆರೆದವರೆಲ್ಲರದಾಗುವುದು ಈ ಮರುದನಿಯಿಂದಲೇ.

ಬಳಿಕ ಗಮನಿಸಬೇಕಾದುದು ಕವಿಯ ತಾಳ್ಮೆ. ‘ಮುಂಬಯೀಚೀ ಲಾವಣಿ’ಯಲ್ಲಿ ಅವರು ಮಲಬಾರ್ ಹಿಲ್ಲಿನ ಭೋಗವನ್ನೂ ಪರೇಲಿನ ಬೆವರನ್ನೂ ನೇರವಾಗಿ ಎದುರುಬದುರು ನಿಲ್ಲಿಸಿದರೆ, ‘ಮಾಝೀ ಮೈನಾ’ದಲ್ಲಿ ಊರಿನಲ್ಲಿ ಉಳಿದ ಮಡದಿಯ ಚೆಲುವನ್ನೂ ಅಗಲಿಕೆಯ ಗಳಿಗೆಯನ್ನೂ ಸಾವಕಾಶವಾಗಿ ಬಣ್ಣಿಸುತ್ತಾರೆ. ಸಾತಾರೆ, ರತ್ನಾಗಿರಿ, ಕೊಲ್ಹಾಪುರಗಳ ಹಳ್ಳಿಗಳಲ್ಲಿ ಸಂಸಾರವನ್ನು ಬಿಟ್ಟುಬಂದು, ಚಾಳಿನ ಒಂದೇ ಕೋಣೆಯಲ್ಲಿ ಹಲವರೊಡನೆ ಮಲಗೇಳುತ್ತಿದ್ದ ಕಾಮಗಾರನಿಗೆ ಈ ವಿಪ್ರಲಂಭವು ಕಾವ್ಯಸಮಯವಾಗಿರದೆ ಅವನ ನಿತ್ಯದ ಬಾಳೇ ಆಗಿದ್ದಿತು. ಅವನ ಹೃದಯವು ಹೀಗೆ ಕರಗಿದ ಮೇಲೆಯೇ ಹಾಡು ಹೊರಳುವುದು: ಹಾಡಿನಲ್ಲಿ ಮೈನಾ ಎನಿಸಿದ ಆ ಅಗಲಿದ ಮಡದಿಯು, ಮರಾಠಿ ನಾಡೆಲ್ಲ ಒಂದಾಗಬೇಕೆಂದ ಸಂಯುಕ್ತ ಮಹಾರಾಷ್ಟ್ರ ಚಳವಳಿಯು ತನ್ನದೆಂದು ಬಯಸಿದ, ಆದರೆ ಹೊರಗುಳಿದ ನಾಡಾಗುವಳು.

ಆ ನಾಡಿನಲ್ಲಿ ಬೆಳಗಾವಿ, ಕಾರವಾರಗಳೂ ಸೇರಿರುವುದರಿಂದ ಕನ್ನಡಿಗನ ರಸಿಕತೆಗೆ ಇಲ್ಲಿಯೇ ಕಠಿನ ಪರೀಕ್ಷೆ. 1956ರಲ್ಲಿ ನಮಗೆ ಏಕೀಕರಣದ ಸಂಭ್ರಮವಾದುದು ಆ ಚಳವಳಿಯವರಿಗೆ ವಿಯೋಗದ ಶೋಕ. ಹಾಡಿಗೆ ತಲೆದೂಗುತ್ತಲೇ ಅದರ ವಾದಕ್ಕೆ ತಲೆಯಲ್ಲಾಡಿಸುವುದು ಅಸಾಧ್ಯವೇನೂ ಅಲ್ಲ. ಮಡದಿಯನ್ನು ಅಗಲಿದವನ ನೋವು ಪ್ರಮಾಣವನ್ನು ಬೇಡದು, ಗಡಿಯ ಹಕ್ಕಾದರೋ ಬೇಡುವುದು. ಮೊದಲನೆಯದರ ಸತ್ಯವನ್ನು ಎರಡನೆಯದಕ್ಕೆ ಕವಿ ಯಾವ ಪದದಲ್ಲಿ, ಯಾವ ಲಯದಲ್ಲಿ ಸಾಲವಿತ್ತನೆಂಬುದನ್ನು ಗುರುತಿಸುವವನು ಈ ಪ್ರಕಾರದ ಮರ್ಮವನ್ನರಿತವನು. ಮುಂದೆ ತನ್ನವರೇ ಕಟ್ಟಿದ, ತನಗೆ ಹಿತವಾದ ಹಾಡನ್ನೂ ಆತನು ಅದೇ ಎಚ್ಚರದಿಂದ ಕೇಳಬೇಕು.